ಹೊಳೆ ದಂಡೆಗೆ ಕುಷ್ಟಗಿ ನೀರು

“ಸ್ವಲ್ಪ ತಡೀರಿ ಅಣ್ಣಾರ, ನೀರಿನ ಕ್ಯಾನು ಇನ್ನೂ ಬಂದಿಲ್ಲ” ಎಂದರು ಆನೆಗೊಂದಿಯ ಖಾನಾವಳಿ ನಡೆಸುವ ಅಕ್ಕ. ಅವರ ಬೆನ್ನ ಹಿಂದೆಯೇ ತುಂಗಭದ್ರಾ ಹೊಳೆ ತುಂಬಿ ಹರಿಯುತ್ತಿತ್ತು. ಸುತ್ತಲೂ ಬಾಳೆ, ಭತ್ತ. ಈ ಹಸಿರು ನೋಡಲೆಂದೇ ನಾವು ಬಿಸಿಲಿನ ಕುಷ್ಟಗಿಯಿಂದ ಬಂದಿದ್ದೆವು. ನಾನು ಹೊಳೆಯತ್ತ ಕೈ ತೋರಿಸಿದೆ. “ಅದನ್ನ ಯಾರು ಕುಡೀತಾರ್ರೀ?” ಎಂದು ಅಕ್ಕ ನಕ್ಕರು. ಖಾರದ ಪಲ್ಯ ತಿಂದವರೆಲ್ಲ ಬಿಕ್ಕಳಿಸುತ್ತ, ಹೊಳೆಗೆ ಬೆನ್ನು ಹಾಕಿ ಕ್ಯಾನಿನ ಗಾಡಿಯ ದಾರಿ ಕಾಯುತ್ತಿದ್ದರು. ಕೊನೆಗೆ ನನ್ನ ಹೆಂಡತಿ, ಊರಿನಿಂದ ರೂಢಿಯಂತೆ ತುಂಬಿಕೊಂಡು ಬಂದಿದ್ದ ಬೋರಿನ ನೀರಿನ ಜಗ್ಗನ್ನು ಕಾರಿನಿಂದ ಇಳಿಸಿ ಎಲ್ಲರಿಗೂ ಕೊಟ್ಟಳು. ಅಕ್ಕನೂ ಒಂದು ಲೋಟ ಕುಡಿದು, “ನಿಮ್ಮೂರ ನೀರು ಭಾಳ ಛಲೋ ಅದಾವ್ರಿ” ಎಂದರು.

ಇನ್ನು ಮೇಲೆ ಹೊಳೆ ನೋಡಲು ಹೋಗುವಾಗ ಎರಡು ಜಗ್ಗು ತುಂಬಿಕೊಳ್ಳುತ್ತೇವೆ. ಒಂದು ನಮಗೆ, ಇನ್ನೊಂದು ಹೊಳೆ ದಂಡೆಯವರಿಗೆ.