ಆಂಬುಲೆನ್ಸಿನಲ್ಲಿ ಕಾಫಿ ಮೂಟೆ

ನಮ್ಮ ಟ್ರಸ್ಟಿನ ಆಂಬುಲೆನ್ಸಿನಲ್ಲಿ ರೋಗಿಗಳಿಗಿಂತ ಸುಖವಾಗಿ ಓಡಾಡಿದ್ದು ನಮ್ಮ ಭಾವನವರ ತೋಟದ ಕಾಫಿ ಮೂಟೆಗಳು. ಸಕಲೇಶಪುರದ ಸುತ್ತಮುತ್ತಲ ಬಡವರಿಗೆಂದು ದಾನಿಗಳು ಕೊಡಿಸಿದ್ದ ಗಾಡಿ ಅದು. ಭಾವ, ಅಂದರೆ ನನ್ನ ಗಂಡನ ಅಣ್ಣ, ಟ್ರಸ್ಟಿನ ಅಧ್ಯಕ್ಷರು. ನಾನು ಐವರು ಟ್ರಸ್ಟಿಗಳಲ್ಲಿ ಒಬ್ಬಳು. ಸಭೆಯಲ್ಲಿ ತಲೆಯಾಡಿಸುವುದೇ ನನ್ನ ಕೆಲಸವೆಂದು ಬಹಳ ಕಾಲ ನಂಬಿದ್ದೆ.

ಕೊಯ್ಲು ಶುರುವಾಯಿತೆಂದರೆ ನಮ್ಮ ಕಡೆ ಗಾಡಿ ಯಾರದೆಂದು ಯಾರೂ ಕೇಳುವುದಿಲ್ಲ. ಶಾಲೆಯ ವ್ಯಾನಾಗಲಿ, ಮದುವೆಗೆ ಗೊತ್ತುಮಾಡಿದ ಜೀಪಾಗಲಿ, ಖಾಲಿ ನಿಂತಿದ್ದರೆ ತೋಟಕ್ಕೆ ಆಳು ತರಲು ಹೊರಟಿತೆಂದೇ ಲೆಕ್ಕ. ಭಾವನಿಗೂ ಅದು ತಪ್ಪೆನಿಸಿರಲಿಲ್ಲ. ನಾನೂ ಕಂಡೂ ಕಾಣದಂತಿದ್ದೆ.

ಕಳೆದ ಕೊಯ್ಲಿನಲ್ಲಿ ದೋಣಿಗಲ್‌ನ ಗರ್ಭಿಣಿಯೊಬ್ಬಳಿಗೆ ಹೆರಿಗೆ ನೋವು ಬಂದಾಗ ಆಂಬುಲೆನ್ಸು ಭಾವನ ತೋಟದಲ್ಲಿತ್ತು. ಅವಳು ನೆರೆಯವರ ಪಿಕಪ್ಪಿನಲ್ಲಿ ಆಸ್ಪತ್ರೆ ಸೇರಿ ಗುಂಡುಗುಂಡಾದ ಮಗುವನ್ನು ಹೆತ್ತಳು. ನೋಡಲು ಹೋದ ನನ್ನನ್ನು ಅವಳ ಅತ್ತೆ ನಗುತ್ತಲೇ ಕೇಳಿದರು: “ನಿಮ್ ಗಾಡಿಗೆ ಕಾಯ್ತಾ ಕೂತಿದ್ರೆ ದಾರೀಲೇ ಹೆರಿಗೆ ಆಗ್ಬುಡೋದು ಕಣ್ರವ್ವ. ಅದು ಯಾರಿಗೆ ಅಂತ ಐತೆ?” ನಾಚಿಕೆಯಿಂದ ಸತ್ತೆ.

ಪೇಟೆಯ ವಕೀಲರನ್ನು ಕಂಡೆ. “ಗೊತ್ತಿದ್ದೂ ಸುಮ್ನಿದ್ರೆ ಕಾನೂನಿನ ಪ್ರಕಾರ ನೀವೂ ಹೊಣೆ ಮೇಡಂ. ಮಿಕ್ಕ ಟ್ರಸ್ಟಿಗಳಿಗೆ ಬರೆದು ತಿಳಿಸಿ,” ಎಂದವರು, “ಅಂದಹಾಗೆ, ನೀವು ಯಾವತ್ತೂ ಆ ಗಾಡಿ ಹತ್ತಿಲ್ವಾ?” ಎಂದರು.

ಹತ್ತಿದ್ದೆ. ಆಲೂರಿನ ಬೀಗರೂಟಕ್ಕೆ, ರೇಷ್ಮೆ ಸೀರೆ ಉಟ್ಟು, ಸ್ಟ್ರೆಚರಿನ ಮೇಲೆ ಜಂಬವಾಗಿ ಕೂತು. ಹಾಗಾಗಿ ನನ್ನ ದೂರು ನನ್ನಿಂದಲೇ ಶುರುವಾಗಬೇಕಾಯಿತು.

ಬರೆಯುವುದೇನೂ ಸುಲಭವಾಗಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ಮನೆಯವರೆಲ್ಲ ಬೇಡವೆಂದರೂ, ತೋಟದ ರಸ್ತೆಯಲ್ಲಿ ನನಗೆ ಜೀಪು ಓಡಿಸಲು ಕಲಿಸಿದವರು ಭಾವ. ಇನ್ನು ಮೇಲೆ ಅವರು ನನ್ನೊಂದಿಗೆ ಮಾತು ಬಿಟ್ಟರೆ? ಆ ಭಯಕ್ಕೆ ಮೂರು ಸಲ ಬರೆದು ಹರಿದುಹಾಕಿದೆ.

ನಾಲ್ಕನೆಯದನ್ನು ಸಭೆಯಲ್ಲಿ ಎದ್ದು ನಿಂತು ಓದಿದೆ. ರೇಷ್ಮೆ ಸೀರೆಯ ಸಾಲು ಬಂದಾಗ ಎಲ್ಲರೂ ನಕ್ಕರು, ಭಾವನೊಬ್ಬರನ್ನು ಬಿಟ್ಟು. ಅವರು ಕೈಚಾಚಿ ಪತ್ರ ತೆಗೆದುಕೊಂಡು, ಕನ್ನಡಕ ಹಾಕಿ, ನಿಧಾನವಾಗಿ ಇನ್ನೊಮ್ಮೆ ಓದಿದರು. ನಾನು ಬೆಂಚಿಗೆ ಮರಳಿ ಕೂತೆ.

“ಇದು ಈ ವರ್ಷದ್ದಷ್ಟೇ ಅಲ್ಲ ಕಣಮ್ಮ. ಹೋದ ವರ್ಷನೂ ಗಾಡಿ ತರಿಸ್ಕಂಡಿದ್ದೆ,” ಎಂದು ಅದನ್ನೂ ಕೆಳಗೆ ಬರೆದು ಸಹಿ ಹಾಕಿದರು. ಆಮೇಲೆ ಮೇಲೆದ್ದು, “ನನ್ ತಪ್ಪಿನ ವಿಚಾರಣೆಗೆ ನಾನೇ ಅಧ್ಯಕ್ಷ ಆದ್ರೆ ಹೆಂಗ್ರಪ್ಪ? ಬೇರೆ ಯಾರಾದ್ರೂ ಕೂತ್ಕಳಿ,” ಎಂದರು.

ಬಾಗಿಲ ಕಡೆ ಹೋಗುತ್ತಾರೆಂದುಕೊಂಡೆ. ಅವರು ಮೇಜು ಸುತ್ತಿಕೊಂಡು ಬಂದು, ನಾನು ಕೂತಿದ್ದ ಬೆಂಚಿನ ಪಕ್ಕ ನಿಂತರು.

“ಒಸಿ ಆ ಕಡೆ ಸರ್ಕಳಮ್ಮ,” ಎಂದರು.