ಇಪ್ಪತ್ಮೂರು ಸಹಿಗಳ ಬೆಂಬಲ ಪತ್ರ

ಸಂಶೋಧನೆಗೆ ಹಣ ಹುಡುಕುವುದು ಹೇಗೆ ಎಂಬ ಕಾರ್ಯಾಗಾರಕ್ಕೆ ನಾನು ಮೂರು ಸಲ ಹೋಗಿದ್ದೇನೆ. ಮೂರು ಸಲವೂ ಪಾಠ ಹೇಳಿದವರಿಗೆ ಸಂಶೋಧನೆಗೆಂದು ಹಣ ಬಂದಿರಲಿಲ್ಲ, ಕಾರ್ಯಾಗಾರ ನಡೆಸುವುದಕ್ಕೆ ಬಂದಿತ್ತು. ನನಗೆ ಪ್ರತಿ ಸಲ ಒಂದು ಫೈಲು, ಒಂದು ಪೆನ್ನು, ಮಧ್ಯಾಹ್ನಕ್ಕೆ ಪಲಾವ್ ಸಿಕ್ಕಿತು. ಸುಳ್ಳು ಹೇಳಬಾರದು, ಪೆನ್ನುಗಳು ಇನ್ನೂ ಬರೆಯುತ್ತಿವೆ.

ನನ್ನ ಸಂಶೋಧನೆಯ ವಿಷಯ ಮಳೆ. ಸಕಲೇಶಪುರ ದಾಟಿ ಮಾರನಹಳ್ಳಿ ಕಡೆಗೆ ಹೋಗುವಾಗ ಹೆದ್ದಾರಿ ಬಿಟ್ಟು ಒಳಗಿಳಿದರೆ ಸಿಗುವ ಕಾಫಿ ಎಸ್ಟೇಟೊಂದರಲ್ಲಿ, ಒಬ್ಬರು ನಲವತ್ತೊಂದು ವರ್ಷಗಳಿಂದ ದಿನಾ ಬೆಳಿಗ್ಗೆ ಎಂಟು ಗಂಟೆಗೆ ಮಳೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದಿದ್ದಾರೆ. ಅವರು ಆ ಎಸ್ಟೇಟಿನ ರೈಟರ್ ಆಗಿದ್ದವರು. ಆಳುಗಳ ಹಾಜರಿ, ಸ್ಟೋರಿನ ಬೀಗದ ಕೈ ಎಲ್ಲ ಬೇರೆಯವರ ಪಾಲಾಗಿ ಎಷ್ಟೋ ವರ್ಷವಾದರೂ ಊರಿಗೆಲ್ಲ ಅವರು ರೈಟರಣ್ಣನೇ, ಮಳೆಯ ಡಬ್ಬ ಇನ್ನೂ ಅವರದೇ. ಇಂಚು, ಇಂಚಿನ ನೂರನೇ ಪಾಲಾದ ಸೆಂಟುಗಳ ಪಕ್ಕದಲ್ಲಿ ಷರಾ ಎಂದು ಒಂದು ಕಾಲಂ ಎಳೆದುಕೊಂಡಿದ್ದರು. ಅದರಲ್ಲಿ ‘ಕಾಫಿಗೆ ಹೂಮಳೆ ಚೆನ್ನಾಗಿ ಬಿತ್ತು’, ‘ಬಿಸಿಲೆ ಘಾಟಿ ಕಡೆ ಗುಡುಗು, ಇಲ್ಲಿ ಹನಿ ಇಲ್ಲ’, ‘ರಾತ್ರಿ ಆನೆ ಡಬ್ಬ ತುಳಿದಿದೆ, ಅಂದಾಜು ಬರೆದಿದೆ’ ಎಂದೆಲ್ಲ ಇರುತ್ತಿತ್ತು. ಅಂದಾಜು ಬರೆದಾಗ ಅಂದಾಜು ಎಂದು ಒಪ್ಪಿಕೊಂಡ ದಾಖಲೆಯನ್ನು ನಾನು ನಮ್ಮ ವಿಭಾಗದಲ್ಲಿ ಎಲ್ಲೂ ಕಂಡಿರಲಿಲ್ಲ.

ಅಷ್ಟರಲ್ಲಿ ಅವರ ಕಣ್ಣು ಸೋಲತೊಡಗಿತ್ತು. ಕಣ್ಣಿನ ನರ ಸೊರಗಿದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಕೈ ಚೆಲ್ಲಿದ್ದರು. ಗಾಜಿನ ಅಳತೆ ಕೊಳವೆಯ ಸಣ್ಣ ಗೆರೆಗಳು ಅವರಿಗೆ ಕಾಣುತ್ತಿರಲಿಲ್ಲ. ನಾನು ಇದ್ದ ದಿನ ನಾನು ಓದಿ ಹೇಳುತ್ತಿದ್ದೆ, ಅವರು ಬರೆಯುತ್ತಿದ್ದರು. ಇನ್ನೆರಡು ಮಳೆಗಾಲ ಪಕ್ಕದಲ್ಲಿ ಕೂತರೆ ಅವರ ಷರಾಗಳ ಅರ್ಥವೆಲ್ಲ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬಹುದಿತ್ತು, ಬೆಳಗಿನ ಅಳತೆಯೂ ತಪ್ಪುತ್ತಿರಲಿಲ್ಲ. ಆದರೆ ವಿಶ್ವವಿದ್ಯಾಲಯ ಕೊಡುತ್ತಿದ್ದ ಸ್ಟೈಪೆಂಡ್ ಮುಗಿದಿತ್ತು. ನಮ್ಮದು ಆಲೂರು ಕಡೆಯ ಎರಡೆಕರೆ ಕಾಫಿ, ಮನೆಯವರನ್ನು ಕೇಳುವ ಹಾಗಿರಲಿಲ್ಲ. ಫೆಲೋಶಿಪ್ ಸಿಕ್ಕರೆ ಮಳೆ, ಸಿಗದಿದ್ದರೆ ಹಾಸನದ ಕೋಚಿಂಗ್ ಸೆಂಟರಿನಲ್ಲಿ ಭೂಗೋಳದ ಪಾಠ.

ದೆಹಲಿಯ ಒಂದು ಸಂಸ್ಥೆ ಫೆಲೋಶಿಪ್ ಕರೆದಿತ್ತು. ನನ್ನ ಗೈಡ್‌ಗೆ ಅರ್ಜಿಯ ಕರಡು ತೋರಿಸಿದೆ. ಅವರು ಮೊದಲ ಸಾಲು ಓದಿ ಕನ್ನಡಕ ತೆಗೆದರು.

“ಮಳೆಗೆ ಯಾರಮ್ಮ ದುಡ್ಡು ಕೊಡ್ತಾರೆ? ಅದು ಬಿಟ್ಟಿ ಬೀಳುತ್ತೆ. ಕ್ಲೈಮೇಟ್ ರೆಸಿಲಿಯನ್ಸ್ ಅಂತ ಹಾಕಿ.”

ಹಾಕಿದೆ. ಅವರ ತಿದ್ದುಪಡಿ ಮುಗಿಯುವ ಹೊತ್ತಿಗೆ ರೈಟರಣ್ಣ ‘ಸಮುದಾಯದ ಜ್ಞಾನಧಾರಕ’ರಾಗಿದ್ದರು, ಹುಳ ತಿಂದ ನೋಟ್‌ಬುಕ್ಕುಗಳು ‘ಲೆಗಸಿ ಡೇಟಾ’ ಆಗಿದ್ದವು, ನಾನು ಯಾರೋ ಆಗಿದ್ದೆ. ಅರ್ಜಿಯಲ್ಲಿ ‘ಈ ಕೆಲಸದ ಹೊಸತನವೇನು’ ಎಂದೊಂದು ಪ್ರಶ್ನೆ ಇತ್ತು. ಒಬ್ಬ ಮನುಷ್ಯ ನಲವತ್ತೊಂದು ವರ್ಷ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ಒಂದೇ ಕೆಲಸ ಮಾಡಿದ್ದಾನೆ, ಹೊಸತನ ಇಲ್ಲದಿರುವುದೇ ಅದರ ಬೆಲೆ ಎಂದು ಬರೆದಿದ್ದೆ. ಗೈಡ್ ಅದನ್ನು ಹೊಡೆದು ‘ಬಹುಶಿಸ್ತೀಯ’ ಎಂದು ಬರೆದರು.

ಕೊನೆಯಲ್ಲಿ ಒಂದು ಷರತ್ತು. ಸ್ಥಳೀಯ ಸಮುದಾಯದಿಂದ ಬೆಂಬಲ ಪತ್ರ ಬೇಕು, ಸ್ಥಳೀಯ ಭಾಷೆಯಲ್ಲಿದ್ದರೆ ಉತ್ತಮ. ನನಗೆ ಖುಷಿಯೇ ಆಯಿತು. ತಾಲ್ಲೂಕು ಕಚೇರಿ ಎದುರಿನ ಡಿಟಿಪಿ ಅಂಗಡಿಗೆ ಹೋಗಿ, ಬೆಳೆಗಾರರ ಸಂಘದ ಹೆಸರಿನಲ್ಲಿ ಪತ್ರ ಬೇಕೆಂದು ಅಲ್ಲಿ ಟೈಪ್ ಮಾಡುವ ಹೆಂಗಸಿಗೆ ನಾಲ್ಕು ಸಾಲು ಹೇಳಿದೆ. ನಾನು ಯಾರು, ಎಷ್ಟು ವರ್ಷದಿಂದ ಬರುತ್ತಿದ್ದೇನೆ, ಏನು ಓದುತ್ತಿದ್ದೇನೆ. ಅಷ್ಟರಲ್ಲಿ ಗೈಡ್ ಫೋನು ಬಂತು.

“ನೀವ್ ಮಾತಾಡ್ಕಂಡ್ ಬನ್ನಿ ಕಣಕ್ಕ, ಉಳಿದಿದ್ದು ನಾನ್ ಹಾಕ್ತೀನಿ. ಸಂಘದ ಅರ್ಜಿ ದಿನಾ ಹೊಡಿಯೋದೇ ಅಲ್ವಾ” ಎಂದಳು ಟೈಪ್ ಮಾಡುತ್ತಿದ್ದವಳು.

ಅವಳು ಹೇಳಿದ್ದು ನಿಜ. ನಮ್ಮ ಕಡೆ ಬೆಳೆಗಾರರ ಸಂಘದಿಂದ ಹೊರಡುವ ಅರ್ಜಿ ಒಂದೇ ನಮೂನೆಯದು. ಕಾಡಾನೆ ತೋಟಕ್ಕೆ ನುಗ್ಗಿದೆ, ಹಿಡಿದು ಬೇರೆ ಕಡೆ ಬಿಡಿ, ಪರಿಹಾರ ಕೊಡಿ. ಊರು, ತಾರೀಕು ಬದಲಾಗುತ್ತವೆ, ಆನೆ ಅಲ್ಲೇ ಇರುತ್ತದೆ.

ಮರುದಿನ ಸಂಘದ ಸಭೆ. ಎರಡು ಹಾಳೆಯ ಪತ್ರ, ಎರಡನೆಯದರ ಕೆಳಗೆ ಸಹಿಗೆ ಜಾಗ. ಅಧ್ಯಕ್ಷರು ಯಾರ ಜೊತೆಯೋ ಆನೆಯ ವಿಷಯ ಜೋರಾಗಿ ಮಾತಾಡುತ್ತಲೇ ಕೈ ಚಾಚಿದರು.

“ಎಲ್ ಹಾಕ್ಬೇಕು ಹೇಳ್ ಮಾರಾಯ್ತಿ.”

ತೋರಿಸಿದೆ. ಸಹಿ ಹಾಕಿ ಸೀಲು ಒತ್ತಿದರು. ಹಾಳೆ ಬೆಂಚಿನಿಂದ ಬೆಂಚಿಗೆ ಹೋಗಿ ಇಪ್ಪತ್ತೆರಡು ಸಹಿ ಹೊತ್ತು ಬಂತು. ಒಬ್ಬರೂ ಓದಲಿಲ್ಲ. ನಾನಂತೂ ಓದಲೇ ಇಲ್ಲ, ಸಹಿ ಎಣಿಸುವುದರಲ್ಲಿ ಮುಳುಗಿದ್ದೆ. ಸಂಜೆ ಐದಕ್ಕೆ ಪೋರ್ಟಲ್ ಮುಚ್ಚುತ್ತಿತ್ತು. ರೈಟರಣ್ಣನ ಮನೆಗೆ ಓಡಿದೆ. ಅವರು ಹಾಳೆಯನ್ನು ಕಣ್ಣ ಹತ್ತಿರ ತಂದು ಓದಲು ಶುರು ಮಾಡಿದರು. ಹೊತ್ತಿಲ್ಲ ಎಂದು ನಾನೇ ಅವಸರ ಮಾಡಿ ಅವರ ಬೆರಳನ್ನು ಸಹಿಯ ಜಾಗಕ್ಕೆ ತಂದಿಟ್ಟೆ. ಇಪ್ಪತ್ಮೂರು. ಫೋನಿನಲ್ಲಿ ಸ್ಕ್ಯಾನ್ ಮಾಡಿ, ಸಿಗ್ನಲ್ ಸಿಗುವ ಗುಡ್ಡ ಹತ್ತಿ, ‘ಎಲ್ಲ ನಿಯಮಗಳನ್ನು ಓದಿ ಅರ್ಥ ಮಾಡಿಕೊಂಡಿದ್ದೇನೆ’ ಎಂಬಲ್ಲಿ ಗುರುತು ಹಾಕಿ ಕಳಿಸಿದೆ.

ಮರುದಿನ ಬೆಳಿಗ್ಗೆ ಅಳತೆ ಮುಗಿದ ಮೇಲೆ ರೈಟರಣ್ಣ ಪತ್ರ ಕೇಳಿ ಇಸಕೊಂಡರು. ಒಂದೊಂದು ಸಾಲಿಗೂ ಬೆರಳಿಟ್ಟು, ಭೂತಗನ್ನಡಿ ಹಿಡಿದು ಓದಿದರು. ಕಾಫಿ ಆರಿಹೋಯಿತು.

“ಅಲ್ಲ ಕಣಮ್ಮ, ನಿನ್ನ ಹಿಡಿಯಕ್ಕೆ ಸಾಕಾನೆ ಕರ್ಕಂಡ್ ಬತ್ತಾರಾ?”

ಕಿತ್ತುಕೊಂಡು ನೋಡಿದೆ. ಮೊದಲ ಹಾಳೆ ಸರಿಯಾಗಿಯೇ ಇತ್ತು. ಎರಡನೆಯದರಲ್ಲಿ ಹೀಗಿತ್ತು: ‘ಸದರಿ ಸಂಶೋಧನಾ ವಿದ್ಯಾರ್ಥಿನಿಯು ಕಳೆದ ಎರಡು ವರ್ಷಗಳಿಂದ ನಮ್ಮ ಭಾಗದ ತೋಟಗಳಲ್ಲಿ ಹಗಲು ರಾತ್ರಿಯೆನ್ನದೆ ಸಂಚರಿಸುತ್ತಿದ್ದು, ಕೂಲಿ ಕಾರ್ಮಿಕರು ಕೆಲಸಕ್ಕೆ ಬರಲು ಹೆದರುತ್ತಿದ್ದಾರೆ. ಆದ್ದರಿಂದ ತಾವು ದಯಮಾಡಿ ಸ್ಥಳ ಪರಿಶೀಲಿಸಿ, ಸದರಿಯವರನ್ನು ಶೀಘ್ರವಾಗಿ ಹಿಡಿದು ಬೇರೆಡೆಗೆ ಸ್ಥಳಾಂತರಿಸಬೇಕೆಂದು ಕೋರಿಕೆ.’ ಸಂಘದ ಹಳೆಯ ಅರ್ಜಿಯಲ್ಲಿ ಆನೆ ಇದ್ದಲ್ಲೆಲ್ಲ ಡಿಟಿಪಿ ಅಂಗಡಿಯ ಹೆಂಗಸು ನನ್ನನ್ನು ಕೂರಿಸಿದ್ದಳು. ಕೆಳಗೆ ಇಪ್ಪತ್ಮೂರು ಸಹಿ, ದುಂಡನೆಯ ಸೀಲು.

ನನಗೆ ಅಳು ಬಂತು. ಪೋರ್ಟಲ್‌ನಲ್ಲಿ ಒಮ್ಮೆ ಕಳಿಸಿದ್ದನ್ನು ತಿದ್ದುವ ಹಾಗಿಲ್ಲ. ಗೈಡ್‌ಗೆ ಫೋನ್ ಮಾಡಿದರೆ, “ಚಿಂತೆ ಮಾಡ್ಬೇಡಿ, ಓದೋರು ಯಾರಿದಾರೆ?” ಎಂದರು. ಆರು ವರ್ಷದಲ್ಲಿ ಅವರು ನನಗೆ ಹೇಳಿದ ಒಂದೇ ಸರಿಯಾದ ಮಾತು ಅದು.

ಸಂದರ್ಶನಕ್ಕೆ ಕರೆ ಬಂತು. ಅದೇ ಗುಡ್ಡದ ಮೇಲೆ, ಒಂದು ಕೈಯಲ್ಲಿ ಛತ್ರಿ, ಒಂದು ಕೈಯಲ್ಲಿ ಫೋನು. ಪರದೆಯ ಮೇಲೆ ಐದು ಮುಖ, ಅದರಲ್ಲಿ ಎರಡು ಕನ್ನಡದವೇ. ನೋಟ್‌ಬುಕ್ಕುಗಳ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಕೊನೆಯಲ್ಲಿ ಆಯ್ಕೆ ಸಮಿತಿಯ ಅಧ್ಯಕ್ಷರು ಬೆಂಬಲ ಪತ್ರವನ್ನು ಹೊಗಳಿದರು. ಇಷ್ಟು ಆಳವಾದ ಸಮುದಾಯದ ಒಳಗೊಳ್ಳುವಿಕೆ ತಾವು ಇತ್ತೀಚೆಗೆ ಕಂಡಿಲ್ಲವಂತೆ. ಕನ್ನಡದ ಇಬ್ಬರೂ ತಲೆದೂಗಿದರು. ಅದರಲ್ಲಿ ಒಬ್ಬರು, “ಪತ್ರದ ಭಾಷೆ ತುಂಬಾ ಸತ್ವಯುತವಾಗಿದೆ” ಎಂದು ಕನ್ನಡದಲ್ಲೇ ಹೇಳಿದರು. ನಿಜ ಹೇಳಿಬಿಡೋಣ ಅನ್ನಿಸಿತು. “ಧನ್ಯವಾದ ಸರ್” ಎಂದೆ.

ತಿಂಗಳಾದ ಮೇಲೆ ಆಯ್ಕೆಯಾಗಿದ್ದೇನೆಂಬ ಪತ್ರ ಫೋನಿಗೆ ಬಂತು. ಗುಡ್ಡದ ಮೇಲೆ ಒಬ್ಬಳೇ ಕುಣಿದೆ, ನಾಚಿಕೆಯೇನಿಲ್ಲ. ಕುಣಿದು ಸುಸ್ತಾಗಿ ಕೂತು, ಜೀವಮಾನದಲ್ಲಿ ಮೊದಲ ಸಲ ಒಂದು ಸರ್ಕಾರಿ ಮಾದರಿಯ ಪತ್ರವನ್ನು ಕೊನೆಯ ತನಕ ಓದಿದೆ. ‘ಆಯ್ಕೆಯಾದವರು ಎರಡು ವರ್ಷ ದೆಹಲಿಯ ಕ್ಯಾಂಪಸ್ಸಿನಲ್ಲೇ ವಾಸವಿರತಕ್ಕದ್ದು. ಕ್ಷೇತ್ರಕಾರ್ಯ ವರ್ಷಕ್ಕೆ ಹದಿನೈದು ದಿನ ಮೀರತಕ್ಕದ್ದಲ್ಲ.’ ಹುಡುಕಿದರೆ ಇದೇ ಮಾತು ಮೊದಲೇ ನಿಯಮಾವಳಿಯಲ್ಲಿತ್ತು, ಮೂವತ್ತೆಂಟನೇ ಪುಟದಲ್ಲಿ. ಓದಿ ಅರ್ಥ ಮಾಡಿಕೊಂಡಿದ್ದೇನೆ ಎಂದು ಗುರುತು ಹಾಕಿದ್ದವಳು ನಾನೇ.

ಗೈಡ್‌ಗೆ ಹೇಳಿದೆ. ಮಳೆಯ ಸಂಶೋಧನೆಗೆ ಮಳೆ ಇರುವಲ್ಲೇ ಇರಬೇಕೆಂಬುದು ಹಳೆಯ ಕಾಲದ ವಿಧಾನವಂತೆ. ಲೆಗಸಿ ಡೇಟಾ ಸ್ಕ್ಯಾನ್ ಮಾಡಿಕೊಂಡು ಹೋದರೆ ಮುಗಿಯಿತಂತೆ. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಕೋಚಿಂಗ್ ಸೆಂಟರಿನ ಬೆಂಚುಗಳು ಕಣ್ಣ ಮುಂದೆ ಬಂದವು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಇದನ್ನು ಯಾರ ಮೇಲೂ ಹೊರಿಸಲಾರೆ.

ಹೊರಡುವ ದಿನ ಬೆಳಿಗ್ಗೆ ಎಂಟಕ್ಕೆ ರೈಟರಣ್ಣನ ಅಂಗಳದಲ್ಲಿದ್ದೆ. ವಿಷಯ ಹೇಳಿದ್ದಾಗಿತ್ತು, ಆದರೂ ಮತ್ತೊಮ್ಮೆ ಹೇಳಿದೆ.

“ನಲವತ್ತು ವರ್ಷದಿಂದ ಅರ್ಜಿ ಕೊಡ್ತಾ ಅವ್ರೆ ಕಣಮ್ಮ ನಮ್ಮೋರು” ಎಂದರು. “ಮಂಜೂರಾಗಿದ್ದು ಇದೊಂದೇ.”

ನಾನು ನಕ್ಕೆ. ಅವರು ನಗಲಿಲ್ಲ. ಡಬ್ಬದ ನೀರನ್ನು ಕೊಳವೆಗೆ ಸುರಿದು ನನ್ನ ಕಡೆ ಚಾಚಿದರು.

“ಎಷ್ಟೈತೆ ನೋಡು.”

“ಒಂದು ಇಂಚು ಹನ್ನೆರಡು ಸೆಂಟ್.”

ಬರೆದುಕೊಂಡರು. ಆಮೇಲೆ ಷರಾ ಕಾಲಮ್ಮಿಗೆ ಬಂದು, ಹೆಬ್ಬೆರಳಿನಿಂದ ಗೆರೆ ತಡಕಿ ತುಂಬಾ ಹೊತ್ತು ಬರೆದರು. ನಾನು ಬಗ್ಗಿ ಓದಿದೆ. ‘ಸಂಶೋಧಕಿ ಸ್ಥಳಾಂತರ. ಆನೆ ಇಲ್ಲೇ ಇದೆ. ನಾಳೆಯಿಂದ ಅಂದಾಜು.’ ಅಕ್ಷರಗಳು ಗೆರೆ ಬಿಟ್ಟು ಕೆಳಗಿನ ಸಾಲಿಗೆ, ಮರುದಿನದ ಜಾಗಕ್ಕೆ ಇಳಿದಿದ್ದವು.