ಬಾರದ ಚಾಕು, ಬಿಡದ ಯಮನಮ್ಮ

ಆಗಷ್ಟೇ ಬೆಳಕು ಹರಿಯುತ್ತಿದೆ. ಸಿಂಧನೂರು ತಾಲ್ಲೂಕಿನ ವಳಕಮದಿನ್ನಿಯ ಹೊರಗೆ, ಕೊಯ್ಲಾದ ಭತ್ತದ ಗದ್ದೆಯಲ್ಲಿ ಬೀಡುಬಿಟ್ಟ ಕುರಿಹಿಂಡಿನ ನಡುವೆ ಯಮನಮ್ಮ ಮಂಡಿಯೂರಿ ಕುಳಿತಿದ್ದಾರೆ. ಕುರಿಯೊಂದನ್ನು ಪಕ್ಕಕ್ಕೆ ಕೆಡವಿ, ಅದರ ಹಿಂಗಾಲನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದಿದ್ದಾರೆ. ಬಲಗೈ ಸೊಂಟದ ಚೀಲಕ್ಕೆ ಇಳಿಯುತ್ತದೆ. ಹೆಬ್ಬೆರಳು ಒಮ್ಮೆ ಆಡಿದ್ದೇ ತಡ, ಮಡಚಿದ್ದ ಚಾಕು ಟಕ್ಕೆಂದು ತೆರೆದುಕೊಳ್ಳುತ್ತದೆ. ಅಡ್ಡಾದಿಡ್ಡಿ ಬೆಳೆದ ಗೊರಸನ್ನು ಸೌತೆಕಾಯಿ ಸಿಪ್ಪೆಯಂತೆ ಹೆರೆದು, ಕೊಳೆತ ಜಾಗಕ್ಕೆ ಔಷಧಿ ಸವರಿ ಬಿಡುತ್ತಾರೆ. ಕುರಿ ಎದ್ದು ಮೈ ಕೊಡವಿ ಹಿಂಡಿನೊಳಗೆ ನುಗ್ಗುತ್ತದೆ.

"ಮುಂದಿಂದು ತಾ ಅಣ್ಣ. ಬಿಸಿಲೇರಿದ್ರ ಇವು ನನ್ನ ಮಾತು ಕೇಳಂಗಿಲ್ಲ" ಎನ್ನುತ್ತಾರೆ.

"ನನ್ನ ಮಾತು ಯಾವಾಗ ಕೇಳ್ಯಾವು ಬಿಡವ್ವ!" ಎಂದು ನಗುತ್ತಾ ಹಿಂಡಿನ ಯಜಮಾನ ಮೈಲಾರಲಿಂಗಪ್ಪ ಇನ್ನೊಂದನ್ನು ಎಳೆದು ತರುತ್ತಾರೆ.

ಐವತ್ತು ದಾಟಿದ ಯಮನಮ್ಮನಿಗೆ ಈ ವಿದ್ಯೆ ಬಂದದ್ದು ತಾಯಿಯಿಂದ. ಕಾಲುವೆ ನೀರಿನ ಗದ್ದೆಗಳ ಕೆಸರಿನಲ್ಲಿ ಮೇಯುವ ಕುರಿಗಳಿಗೆ ಗೊರಸಿನ ಸಂದು ಕೊಳೆಯುತ್ತದೆ. ಕುಂಟುವ ಕುರಿ ಹಿಂದೆ ಬೀಳುತ್ತದೆ, ಹಿಂದೆ ಬಿದ್ದದ್ದು ನಾಯಿಗಳ ಪಾಲು. ಹಾಗಾಗಿ ಸುಗ್ಗಿ ಮುಗಿಯುತ್ತಲೇ ಲಿಂಗಸುಗೂರಿನವರೆಗೂ ಕುರಿಗಾರರು ಯಮನಮ್ಮನಿಗೆ ಕರೆ ಕಳಿಸುತ್ತಾರೆ. "ದಿನಾ ನಲವತ್ತು ಕುರಿ. ಅಂದ್ರ ನೂರಾ ಅರವತ್ತು ಕಾಲು. ಒಂದೂ ಸುಮ್ನ ಇರಂಗಿಲ್ಲ" ಎಂದು ಲೆಕ್ಕ ಒಪ್ಪಿಸುತ್ತಾರೆ.

ಮೊದಲು ಅವರ ಕೈಯಲ್ಲಿದ್ದದ್ದು ಮಡಚಲಾಗದ ಚೂರಿ. ಕುರಿ ಒದ್ದ ರಭಸಕ್ಕೆ ಅದು ಒಮ್ಮೆ ಅವರ ತೊಡೆಗೇ ನಾಟಿ ಏಳು ಹೊಲಿಗೆ ಬಿದ್ದವು. ಆಮೇಲೆ ಸಂತೆಯಿಂದ ಮಡಚುವ ಚಾಕು ತಂದರು. ಅದನ್ನು ತೆರೆಯಲು ಎರಡು ಕೈ ಬೇಕು. ಒಂದು ಕೈ ಕುರಿಯ ಕಾಲಿನ ಮೇಲೆ. "ಹಲ್ಲಿಲೆ ಕಚ್ಚಿ ತಗೀತಿದ್ದೆ. ಒಂದು ಹಲ್ಲಿನ ತುದಿ ಅದಕ್ಕ ಹೋತು" ಎಂದು ಬಾಯಗಲಿಸಿ ತೋರಿಸುತ್ತಾರೆ.

ಅದೇ ತಾಲ್ಲೂಕಿನ ಮುಕ್ಕುಂದದ, ಯಮನಮ್ಮನಿಗೆ ಪರಿಚಯದ ಇಶ್ತಿಯಾಕ್ ಕೊಲ್ಲಿ ದೇಶವೊಂದರ ಕುರಿ ಸಾಕಣೆ ಕೇಂದ್ರದಲ್ಲಿ ದುಡಿಯುತ್ತಾರೆ. ಗುಂಡಿ ಒತ್ತಿದರೆ ಒಂದೇ ಕೈಯಲ್ಲಿ ತೆರೆದುಕೊಳ್ಳುವ ಚಾಕುವಿನ ವಿಡಿಯೊ ಕಳಿಸಿದ್ದು ಅವರೇ. ಯಮನಮ್ಮ ಅದನ್ನು ಹತ್ತು ಸಲ ನೋಡಿದರು. ಅಲ್ಲಿಂದ ಅಂಥ ಒಂದು ಚಾಕು ಅಂಚೆಯಲ್ಲಿ ಹೊರಟಿತು. ಬಂದದ್ದು ಚಾಕುವಲ್ಲ, ಕಸ್ಟಮ್ಸ್ ಕಚೇರಿಯ ಕಾಗದ. ಈ ಬಗೆಯ ಚಾಕು ತರಿಸಿಕೊಳ್ಳುವಂತಿಲ್ಲ, ಪಾರ್ಸಲ್ ತಡೆಹಿಡಿಯಲಾಗಿದೆ ಎಂದು ಅದರಲ್ಲಿತ್ತು.

ಲಿಂಗಸುಗೂರಿನ ಪಶುವೈದ್ಯೆ ಭಾಗ್ಯಶ್ರೀ ಕಾಗದ ಓದಿ ಹೇಳಿದರು. ಇದು ಗೊರಸು ಹೆರೆಯಲಿಕ್ಕೆ ಎಂದು ತಾವೇ ಪತ್ರ ಬರೆದುಕೊಟ್ಟರು. ಕಸ್ಟಮ್ಸ್‌ನವರು ಅದಕ್ಕೆ ಏನೆಂದರು ಎಂದು ಕೇಳಲು ಯಮನಮ್ಮ ನಾಲ್ಕು ಸಲ ಲಿಂಗಸುಗೂರಿಗೆ ಬಸ್ಸು ಹತ್ತಿದರು. ಪ್ರತಿ ಸಲವೂ ಬಂದ ಉತ್ತರ ಒಂದೇ: ನಿಯಮ ನಿಯಮವೇ.

"ಮೊಳದುದ್ದದ ಕುಡುಗೋಲು ಹೆಗಲಿಗೆ ಹಾಕ್ಕೊಂಡು ಊರೆಲ್ಲಾ ಅಡ್ಡಾಡಿದ್ರೂ ಯಾರೂ ಕೇಳಂಗಿಲ್ಲ. ನನ್ನ ನಾಲ್ಕು ಬೆರಳುದ್ದದ ಚಾಕುಗೆ ಇಷ್ಟು ಕಾನೂನೇನ್ರೀ ಮೇಡಂ?" ಎಂದು ವೈದ್ಯರ ಕೋಣೆಯಲ್ಲೇ ಸಿಡುಕಿದ್ದರು. "ಗುಂಡಿ ಒತ್ತಿದ್ರ ತೆರೀತದಲ್ಲ ಯಮನಮ್ಮ, ಅದಕ್ಕ ಅವರಿಗೆ ಅಂಜಿಕಿ" ಎಂದರು ಭಾಗ್ಯಶ್ರೀ.

ಆ ಮಾತೇ ದಾರಿ ತೋರಿತು. ಗುಂಡಿ ಇಲ್ಲದೆಯೇ ಒಂದು ಕೈಯಲ್ಲಿ ತೆರೆಯುವಂತಿದ್ದರೆ? ಯಮನಮ್ಮ ನೇರ ಮಸ್ಕಿಗೆ ಹೋಗಿ, ಬೀಗ ರಿಪೇರಿಯ ಇಮಾಮ್‌ಸಾಬ್ ಮುಂದೆ ವಿಡಿಯೊ ಹಿಡಿದರು. ಇಮಾಮ್‌ಸಾಬ್ ಕನ್ನಡಕ ಏರಿಸಿ ನೋಡಿ, "ಸ್ಪ್ರಿಂಗ್ ಬ್ಯಾಡ ಅಕ್ಕಾ. ಅಲಗಿಗೇ ಒಂದು ತೂತು ಕೊರೀತೀನಿ. ಹೆಬ್ಬಟ್ಟು ಇಟ್ಟು ದಬ್ಬು, ಆತು" ಎಂದರು.

ಹಳೆಯ ಗರಗಸದ ಪಟ್ಟಿ ಅಲಗಾಯಿತು. ಮೊದಲನೆಯದು ಸಡಿಲವಾಗಿ ಚೀಲದೊಳಗೇ ತೆರೆದುಕೊಂಡಿತು. ಎರಡನೆಯದು ಎಷ್ಟು ಬಿಗಿಯೆಂದರೆ ಇಮಾಮ್‌ಸಾಬರ ಹೆಬ್ಬೆರಳಿಗೇ ಬೊಬ್ಬೆ ಬಂತು. ಮೂರನೆಯದು ಕೇಳಿದಾಗ ತೆರೆಯಿತು, ಹೇಳಿದಾಗ ಮುಚ್ಚಿತು. ಖುಷಿ ತಾಳಲಾರದೆ ಯಮನಮ್ಮ ವಾಪಸು ಬರುವಾಗ ಬಸ್ಸಿನಲ್ಲೇ ಟಕ್ ಟಕ್ ಎನಿಸುತ್ತಾ ಕುಳಿತಿದ್ದರಂತೆ. ಪಕ್ಕದಲ್ಲಿದ್ದಾತ ಮೆಲ್ಲಗೆ ಎದ್ದು ಹಿಂದಿನ ಸೀಟಿಗೆ ಹೋದ. "ಪಾಪ, ಕುರಿ ಅಲ್ಲ ನೀನು, ಕುಂಡ್ರಪ್ಪ ಅಂದೆ. ಬರಲೇ ಇಲ್ಲ!" ಎಂದು ಹೊಟ್ಟೆ ಹಿಡಿದು ನಗುತ್ತಾರೆ.

ಈಗ ಇಮಾಮ್‌ಸಾಬ್ ಅಂಥ ಇನ್ನೂ ಒಂಬತ್ತು ಚಾಕು ಮಾಡಿದ್ದಾರೆ. ಎಲ್ಲವೂ ಯಮನಮ್ಮನ ಬಳಿ ಗೊರಸು ಹೆರೆಯಲು ಕಲಿತ ಹೆಂಗಸರ ಸೊಂಟದಲ್ಲಿವೆ. ಆದರೂ ಆ ಪಾರ್ಸಲ್ಲಿನ ಸಿಟ್ಟು ಪೂರ್ತಿ ಆರಿಲ್ಲ. ನಿಮಗೇನು ಆಸೆ ಎಂದು ಕೇಳಿದರೆ, ಕೈ ಒರೆಸಿಕೊಳ್ಳುತ್ತಾ ಕಣ್ಣು ಮಿನುಗಿಸುತ್ತಾರೆ.

"ಅದನ್ನ ಹಿಡಿದಿಟ್ಟ ಸಾಹೇಬ್ರು ಒಂದು ಸಲ ನಮ್ಮೂರಿಗೆ ಬರ್ಲಿ. ಬೈಯಂಗಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಲೆ ಉಣ್ಣಾಕ ಕೊಡ್ತೀನಿ. ಆಮ್ಯಾಲ ಒದಿಯೋ ಟಗರಿನ ಕಾಲು ಅವರ ಒಂದು ಕೈಯಾಗ, ಆ ಹಳೇ ಸಂತಿ ಚಾಕು ಇನ್ನೊಂದು ಕೈಯಾಗ ಕೊಟ್ಟು, 'ಹಾಂ, ಈಗ ಚಾಕು ತಗೀರಿ ಸಾಹೇಬ್ರ' ಅಂತೀನಿ."